ಲಾಂಗು ಮಚ್ಚು ಸಾಕು, ಲೆಕ್ಕದ ಬುಕ್ಕು ತೋರಿಸ್ರಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೆಯೊಳಗ ಗ್ಯಾಂಗ್‌ಸ್ಟರ್ ಸಿನಿಮಾ ಬಗ್ಗೆ ಏನು ಬೇಕಾದ್ರೂ ಕೇಳ್ರಿ ಅಂತ ಬರ್ದಿದ್ವಿ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡಿಂದ ಪ್ರಶ್ನೆ ಬಂದಾವ. ಒಂದೇ ತರ ಇದ್ದವನ್ನ ಸೇರಿಸಿ ಒಂದು ಮಾಡೀನಿ. ಹೆಸರು ಹಾಕಬ್ಯಾಡ್ರಿ ಅಂದವ್ರು ಜಾಸ್ತಿ ಇದ್ದಿದ್ರಿಂದ ಎಲ್ಲಾರದೂ ಊರು ಅಷ್ಟೇ ಹಾಕೀನಿ.

ಪ್ರಶ್ನೆ: ರೌಡಿ ಸಿನಿಮಾ ಎಲ್ಲಾ ಬೆಂಗಳೂರಾಗೇ ನಡೀತಾವು, ತಪ್ಪಿದ್ರ ಮಂಗಳೂರು. ನಮ್ಮ ಕಡೆ ಏನೂ ನಡ್ದೇ ಇಲ್ಲೇನು? ಮೈನಿಂಗ್ ಟೈಮಿನಾಗ ನಾನು ಅದಿರು ಲಾರಿ ಓಡ್ಸಿದವ, ನೋಡಬಾರದ್ದೆಲ್ಲಾ ನೋಡೀನಿ.
(ಲಾರಿ ಡ್ರೈವರ್, ಸಂಡೂರು)

ಉತ್ತರ: ಅಣ್ಣಾರ, ನಿಮ್ಮ ಪ್ರಶ್ನೆನ ಮೊದ್ಲಿಗೆ ಇಟ್ಟೀನಿ, ಯಾಕಂದ್ರ ನಂದೂ ಇದೇ ಸಂಕಟ. ಕನ್ನಡದಾಗ ಈ ಜಾತಿ ಸಿನಿಮಾಕ್ಕ ದಾರಿ ಹಾಕಿಕೊಟ್ಟಿದ್ದು 1995ರ ಓಂ. ಉಪೇಂದ್ರ ಡೈರೆಕ್ಷನ್, ಶಿವಣ್ಣ ಹೀರೋ, ಪೂಜಾರಿ ಮಗ ರೌಡಿ ಆಗೋ ಕಥೆ, ಬೆಂಗಳೂರಿನ ನಿಜವಾದ ರೌಡಿಗಳನ್ನೇ ಕರ್ಕಂಡು ಬಂದು ಕ್ಯಾಮೆರಾ ಮುಂದ ನಿಲ್ಸಿದ್ರು. ಆ ಸಿನಿಮಾ ಹೊಡೆದ ಹೊಡೆತಕ್ಕ ಬೆಂಗಳೂರಿನ ಮಾರ್ಕೆಟ್ಟು, ಸ್ಲಮ್ಮು, ಜೈಲು ಇವೇ ರೌಡಿ ಕಥೆಯ ಜಾಗ ಅಂತ ಗಟ್ಟಿ ಆಗಿಬಿಡ್ತು, ಆಮ್ಯಾಲ ಬಂದವ್ರು ಅದೇ ಗಲ್ಲಿನೇ ತಿರುಗಿದ್ರು. 2021ಕ್ಕ ಗರುಡ ಗಮನ ವೃಷಭ ವಾಹನ ಬಂದು ಮಂಗಳೂರಿನ ಮಂಗಳಾದೇವಿ ಏರಿಯಾ ತೋರಿಸ್ತು, ಅಲ್ಲಿ ಮಾತು ಅಲ್ಲಿ ಮಳಿ ಎಲ್ಲಾ ಇತ್ತು, ಅದಕ್ಕೇ ಅದು ಬ್ಯಾರೆ ಅನ್ನಿಸ್ತು. ನಮ್ಮ ಕಡೆಗೆ ಇನ್ನೂ ಯಾರೂ ಹಂಗ ಕ್ಯಾಮೆರಾ ತಿರುಗಿಸಿಲ್ಲ.

ನಮ್ಮ ಕಡೆ ನಡ್ದಿದ್ದೇನು ಕಡಿಮೆನಾ ಹೇಳ್ರಿ. 2008ರ ಬೀಜಿಂಗ್ ಒಲಿಂಪಿಕ್ಸ್ ಹತ್ರ ಬರ್ತಿದ್ದಂಗ ಚೀನಾದವ್ರು ಸ್ಟೀಲಿಗೆ ಅಂತ ಅದಿರು ತಗಳ್ಳಾಕ ಹತ್ತಿದ್ರು, ರೇಟು ಏರ್ತು, ಜೋಳ ಶೇಂಗಾ ಬೆಳೀತಿದ್ದ ಪಟ್ಟಾ ಹೊಲಾನೂ ಅಗೆದ್ರು. ಸಂಡೂರಿಂದ ಹೊಸಪೇಟೆ ತನಕ ಲಾರಿ ಸಾಲು, ಗಿಡದ ಎಲೆ ಕೆಂಪು, ಗೋಡೆ ಕೆಂಪು, ಹಗ್ಗದ ಮ್ಯಾಲ ಒಣಹಾಕಿದ ಬಟ್ಟೆ ಸೈತ ಕೆಂಪು. 2011ರ ಜುಲೈ 27ಕ್ಕ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವ್ರು ಅಕ್ರಮ ಗಣಿಗಾರಿಕೆ ಮ್ಯಾಲ ಎರಡ್ನೇ ವರದಿ ಕೊಟ್ರು, ಸರ್ಕಾರಕ್ಕ ಆದ ಲಾಸು 16,085 ಕೋಟಿ ಅಂತ ಅದ್ರಾಗ ಅಂದಾಜು ಕಟ್ಟಿದ್ರು, ಎರಡು ದಿನ ಬಿಟ್ಟು ಜುಲೈ 29ಕ್ಕ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆದಾಗ ಗಣಿಗಾರಿಕೆನೇ ನಿಲ್ಲಿಸ್ತು. ಲೋಕಾಯುಕ್ತದ ಆ ಕೆಲ್ಸದಾಗ ತುಂಬಿರೋದು ಪರ್ಮಿಟ್ಟು, ಓವರ್‌ಲೋಡು, ಚೆಕ್‌ಪೋಸ್ಟು, ಬ್ಯಾಂಕ್ ಲೆಕ್ಕ. ದಾರಿಯಾಗ ಯಾವ ಇಲಾಖೆನೂ ಲಾರಿ ತಡೆಯಂಗಿಲ್ಲ ಅನ್ನೋ ಏರ್ಪಾಡಿಗೆ ‘ಜೀರೋ ರಿಸ್ಕ್’ ಅನ್ನೋ ಹೆಸರೇ ಇತ್ತು. ಹಫ್ತಾ ಅನ್ನೋದಕ್ಕ ಇಷ್ಟು ನೀಟಾದ, ಆಫೀಸಿನ ಹೆಸರು ಯಾವ ಡೈಲಾಗ್ ರೈಟರಿಗೂ ಹೊಳೀತಿರಲಿಲ್ಲ.

ಹಂಗಾಗಿ ನನ್ನ ಮಾತು ಇಷ್ಟೇ, ಈ ಸಂಚಿಕೆಯಾಗ ತಿರುತಿರುಗಿ ಇದನ್ನೇ ಹೇಳಾವ ನಾನು: ಇನ್ ಮ್ಯಾಲ ಗ್ಯಾಂಗ್‌ಸ್ಟರ್ ಸಿನಿಮಾ ಮಾಡೋರು ರಕ್ತ ಎಷ್ಟು ಹರೀತು ಅನ್ನೋದನ್ನ ಬಿಟ್ಟು ರೊಕ್ಕ ಎಲ್ಲಿಂದ ಎಲ್ಲಿಗೆ ಹರೀತು ಅನ್ನೋದನ್ನ ತೋರಿಸ್ಬೇಕು. ನೀವು ಕಂಡಿದ್ದ ಒಂದು ಸೀನು ತಗಳ್ರಿ. ರಾತ್ರಿ ಎರಡು ಗಂಟೆ, ಲಾರಿ ತೂಕ ಹಾಕೋ ವೇ ಬ್ರಿಡ್ಜ್ ಏರ್ತೈತಿ, ಒಳಗ ಕುಂತ ಹುಡುಗ ಪಿಯುಸಿ ಫೇಲ್ ಆದವ, ಅವನ ಮುಂದಿನ ಡಬ್ಬಿಯೊಳಗ ಕೆಂಪು ನಂಬರು ಒಂದು ಬರ್ತೈತಿ, ಚೀಟಿ ಮ್ಯಾಲ ಅವ ಬರೆಯೋ ನಂಬರು ಇನ್ನೊಂದು. ಕೈ ನಡುಗಲ್ಲ, ಆಕಳಿಸ್ತಾ ಬರೀತಾನ. ಡ್ರೈವರ್ ಚೀಟಿ ತಗಂಡು ಗ್ಲಾಸಿನ ಮ್ಯಾಲ ಸಿಗಿಸಿ, ತಾಡಪತ್ರಿ ಹಗ್ಗ ಒಂದ್ಸಲ ಜಗ್ಗಿ ನೋಡಿ, ಚಾ ಕುಡ್ದು ಹೊಂಡ್ತಾನ. ಯಾರೂ ಕೂಗಾಡಲ್ಲ, ಬ್ಯಾಕ್‌ಗ್ರೌಂಡ್ ಮ್ಯೂಸಿಕ್ಕೂ ಬ್ಯಾಡ. ಇಡೀ ಜಿಲ್ಲೆ ಹೆಂಗ ಹೋಯ್ತು ಅನ್ನೋದು ಆ ಎರಡು ನಂಬರಿನ ನಡುವಿನ ಫರಕಿನಾಗ ಐತಿ.

ಸೆಕೆಂಡ್ ಹಾಫ್ 2011ರ ಆಗಸ್ಟಿನಿಂದ ಶುರು ಮಾಡ್ರಿ. ಸಾಲ ಮಾಡಿ ಲಾರಿ ತಗಂಡವ್ರ ಮನಿ ಮುಂದ ಲಾರಿ ಸುಮ್ನ ನಿಂತೈತಿ, ಕಂತು ಮಾತ್ರ ನಿಂತಿಲ್ಲ, ಫೈನಾನ್ಸಿನವ್ರು ಬಂದು ಬಾಗಿಲು ಬಡೀತಾರ. ದೊಡ್ಡವ್ರ ಕಥೆ ಪೇಪರಿನಾಗ ಬಂತು, ಕೋರ್ಟಿನಾಗ ನಡೀತು. ಡ್ರೈವರು, ಕ್ಲೀನರು, ಚಾದಂಗಡಿಯವ್ನು, ಪಂಕ್ಚರ್ ಹಾಕೋನು, ಇವ್ರ ಕಥೆ ಎಲ್ಲೂ ಬರಲಿಲ್ಲ. ನೀವು ನೋಡಿದ್ದನ್ನ ಬರ್ದಿಡ್ರಿ ಅಣ್ಣಾರ, ಕಾಗುಣಿತ ತಪ್ಪಿದ್ರೂ ಪರವಾಗಿಲ್ಲ.

ಪ್ರಶ್ನೆ: ಗಾಡ್‌ಫಾದರ್ ನೋಡು ನೋಡು ಅಂತಾರ, ಅರ್ಧ ಗಂಟೆ ನೋಡಿ ಬಿಟ್ಟೆ, ಭಾಳ ಸ್ಲೋ. ಮತ್ತೆ ನೋಡ್ಬೇಕಾ?
(ಮೊಬೈಲ್ ಅಂಗಡಿ, ಕೊಪ್ಪಳ)

ಉತ್ತರ: ನೋಡ್ರಿ, ಬಿಟ್ಟ ಜಾಗದಿಂದ ಅಲ್ಲ, ಮೊದ್ಲಿಂದ. 1972ರ ಹಾಲಿವುಡ್ ಮಾಫಿಯಾ ಸಿನಿಮಾ ಅದು. ನೀವು ಬಿಟ್ಟ ಅರ್ಧ ಗಂಟೆನೇ ಅದರ ಜೀವ. ಹೊರಗ ಮಗಳ ಮದುವೆ, ಹಾಡು ಕುಣಿತ. ಒಳಗ ಕತ್ತಲ ರೂಮಿನಾಗ ಮುದುಕ ಕುಂತಾನ, ಒಬ್ಬೊಬ್ಬರೇ ಬಂದು ಕಷ್ಟ ಹೇಳ್ಕೊಂಡು ಸಹಾಯ ಕೇಳ್ತಾರ. ನಮ್ಮ ಹಳ್ಳಿಯಾಗ ಗೌಡ್ರ ಪಡಸಾಲಿ ಮುಂದ ಚಪ್ಪಲಿ ಬಿಟ್ಟು ಒಳಗ ಹೋಗಿ ಕೈ ಕಟ್ಟಿ ನಿಲ್ಲೋದನ್ನ ನೀವು ನೋಡಿದ್ರ ಆ ಸೀನಿನ ಒಂದೊಂದು ಮಾತೂ ತಿಳೀತೈತಿ. ರೊಕ್ಕ ಕೊಡ್ತೀನಿ ಅಂದವನಿಗೆ ಅವ ಸಿಟ್ಟಾಗ್ತಾನ, ಯಾಕಂದ್ರ ಅವನಿಗೆ ಬೇಕಾಗಿರೋದು ರೊಕ್ಕ ಅಲ್ಲ, ಋಣ. ಅದು ತಿಳಿದ್ರ ಮುಂದಿಂದು ಸ್ಲೋ ಅನ್ನಿಸಲ್ಲ.

ಪ್ರಶ್ನೆ: ತೆಲುಗು ಫ್ಯಾಕ್ಷನ್ ಸಿನಿಮಾಕ್ಕೂ ಕನ್ನಡದ ರೌಡಿ ಸಿನಿಮಾಕ್ಕೂ ಏನು ಫರಕು? ನಮ್ಮ ಕಡೆ ಯಾಕ ತೆಲುಗಿಂದೇ ಜಾಸ್ತಿ ಓಡ್ತಿತ್ತು?
(ರೈಸ್ ಮಿಲ್ ಗುಮಾಸ್ತ, ಗಂಗಾವತಿ)

ಉತ್ತರ: ದೊಡ್ಡ ಫರಕೇ ಐತಿ. ಬೆಂಗಳೂರು ರೌಡಿ ಸಿನಿಮಾದಾಗ ಹುಡುಗ ಒಂಟಿ, ಎಲ್ಲಿಂದಲೋ ಬಂದವ, ಅಪ್ಪ ಅವ್ವ ದೂರ, ಗ್ಯಾಂಗೇ ಮನಿ. ಫ್ಯಾಕ್ಷನ್ ಅಂದ್ರ ಊರಿನ ಪಾರ್ಟಿಗಳ ನಡುವಿನ ಹಗೆ, ಆ ಕಥೆಯಾಗ ಒಂಟಿ ಇರಾಕ ಆಗೋದೇ ಇಲ್ಲ, ಹುಟ್ಟಿದ ಕೂಡ್ಲೇ ಒಂದು ಪಾರ್ಟಿಗೆ ಸೇರಿರ್ತಾನ, ಮುತ್ಯಾನ ಜಗಳ ಮೊಮ್ಮಗನ ಕುತ್ತಿಗಿಗೆ ಬಂದಿರ್ತೈತಿ. ಸಿಟಿ ರೌಡಿಗೆ ಏರಿಯಾ ಬೇಕು, ಇವ್ರಿಗೆ ಊರು, ಹೊಲ, ನೀರು, ಪಂಚಾಯ್ತಿ ಕಾಂಟ್ರಾಕ್ಟು.

ನಮ್ಮ ಜನ ಆ ಸಿನಿಮಾಕ್ಕ ಸೀಟಿ ಹೊಡೆಯೋದಕ್ಕ ಕಾರಣ ಬರೇ ಹೀರೋ ಅಲ್ಲ, ಆ ಕಥೆ ನಡಿಯೋ ರಾಯಲಸೀಮೆದೂ ನಮ್ದೂ ನೆಲಾನೂ ಒಂದೇ. 1800ರಾಗ ನಿಜಾಮ ಬಳ್ಳಾರಿ, ಅನಂತಪುರ, ಕಡಪ, ಕರ್ನೂಲಿನ ಒಂದಿಷ್ಟು ಭಾಗ ಎಲ್ಲಾ ಸೇರಿಸಿ ಇಂಗ್ಲಿಷರಿಗೆ ಬಿಟ್ಕೊಟ್ಟ, ಸೀಡೆಡ್ ಡಿಸ್ಟ್ರಿಕ್ಟ್ಸ್ ಅಂತ ಕರೆದಿದ್ದು ಅದನ್ನೇ. ಕಲೆಕ್ಟರ್ ಆಗಿ ಬಂದ ಥಾಮಸ್ ಮನ್ರೋ 1807ರ ತನಕ ಇದ್ದು ಪಾಳೇಗಾರರ ಸೈನ್ಯ ಬಿಡಿಸಿದ, ಒಂದಿಷ್ಟು ಮಂದಿಗೆ ಪಿಂಚಣಿ ಕೊಟ್ಟು ಮನಿಯಾಗ ಕೂರಿಸಿದ. ಕೋಟೆ ಹೋತು, ಆದ್ರ ಮಂದಿ ಕಟ್ಟಿಕೊಂಡು ತಿರುಗೋ ಗತ್ತು, ನಮ್ಮವ ತಮ್ಮವ ಅನ್ನೋ ಲೆಕ್ಕ ಅಷ್ಟು ಸುಲಭಕ್ಕ ಹೋಗಲಿಲ್ಲ. 1953ರ ಅಕ್ಟೋಬರ್ 1ಕ್ಕ ಆಂಧ್ರ ರಾಜ್ಯ ಆದಾಗ ಆದೋನಿ, ಆಲೂರು, ರಾಯದುರ್ಗ ಆಕಡೆ ಹೋದವು, ಬಳ್ಳಾರಿ ಮೈಸೂರಿಗೆ ಬಂತು. ನಿಮ್ಮ ಗಂಗಾವತಿ ಆವಾಗ ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆದಾಗ ಇತ್ತು, ಈಕಡೆ ಬಂದಿದ್ದು 1956ಕ್ಕ. ಗೆರೆ ಹಾಕಿದ್ದು ಮ್ಯಾಪಿನ ಮ್ಯಾಲ, ಬೀಗರು ನೆಂಟರು ಎರಡೂ ಕಡೆ ಇದ್ದೇ ಇದ್ರು, ಇವತ್ತಿಗೂ ಅದಾರ.

ನನಗ ಬ್ಯಾಸರ ಆಗೋದು ಎಲ್ಲಿ ಅಂದ್ರ, 1999ರಿಂದ ಈಚೆಗೆ ತೆಲುಗಿನಾಗ ಫ್ಯಾಕ್ಷನ್ ಸಿನಿಮಾ ಸಾಲಾಗಿ ಹಿಟ್ ಆದ ಮ್ಯಾಲ ಕಥೆ ಹೋಗಿ ಸುಮೋ ಗಾಡಿ ಹಾರಿಸೋದು ಅಷ್ಟೇ ಉಳಿತು. ಮೂರು ತಲೆಮಾರು ಬಡಿದಾಡಿದ್ರು ಅಂತ ತೋರಿಸ್ತಾರ, ಆದ್ರ ಹೊಲ ಬೀಳುಬಿದ್ದು ಎಷ್ಟು ವರ್ಷ ಆತು, ವಕೀಲರಿಗೆ ಎಷ್ಟು ಹೋತು, ಜೈಲಿಗೆ ಹೋದ ಆಳುಮಗನ ಹೆಂಡ್ತಿಗೆ ತಿಂಗಳಾ ಅಕ್ಕಿ ಯಾರ ಮನಿಯಿಂದ ಬಂತು, ಇದೊಂದನ್ನೂ ತೋರಿಸಲ್ಲ. ಯಾರಿಗಾಗಿ ಕೊಂದೆ ಅಂತ ಕೇಳಿದ್ರ ಆಳಿನ ಬಾಯಾಗ ದಣಿ ಹೆಸರು ಬರ್ತೈತಿ, ದಣಿ ಬಾಯಾಗ ಆಳಿನ ಹೆಸರು ಬರ್ತೈತಾ ಅನ್ನೋದು ಒಂದು ಸಿನಿಮಾಕ್ಕ ಸಾಕಾಗೋವಷ್ಟು ದೊಡ್ಡ ಪ್ರಶ್ನೆ.

ಪ್ರಶ್ನೆ: ನಾನು ಶಾರ್ಟ್ ಫಿಲ್ಮ್ ಸ್ಕ್ರಿಪ್ಟ್ ಬರ್ದು ಕಳಿಸೀನಿ ಸರ್. ಅಪ್ಪನನ್ನ ಮರಳು ಮಾಫಿಯಾದವ್ರು ಕೊಂದಿರ್ತಾರ, ಮಗ ದೊಡ್ಡವನಾಗಿ ಆರು ಮಂದಿನ ಒಬ್ಬೊಬ್ರನ್ನೇ ಮುಗಿಸ್ತಾನ, ಕ್ಲೈಮ್ಯಾಕ್ಸ್ ಟಿಬಿ (ತುಂಗಭದ್ರಾ) ಡ್ಯಾಮ್ ಹಿನ್ನೀರಿನಾಗ. ಹೆಂಗೈತಿ ಹೇಳ್ರಿ.
(ಡಿಗ್ರಿ ವಿದ್ಯಾರ್ಥಿ, ಬಳ್ಳಾರಿ)

ಉತ್ತರ: ತಮ್ಮಾ, ಪೂರ್ತಿ ಓದೀನಿ. ನಾಕನೇ ಪುಟದಾಗ ಒಂದು ಸೀನ್ ಬರ್ದಿಯಲ್ಲ, ಹೊಳ್ಯಾಗಿಂದ ಹಸಿ ಮರಳು ತುಂಬ್ಕೊಂಡು ಟ್ರಾಕ್ಟರ್ ಬರ್ತಿರ್ತೈತಿ, ಟ್ರಾಲಿಯಿಂದ ನೀರು ಸೋರಿ ರಸ್ತೆ ಮ್ಯಾಲ ಉದ್ದಕ್ಕ ಗೀಟು ಬಿದ್ದಿರ್ತೈತಿ, ಆ ಗೀಟು ಹಿಡ್ಕೊಂಡು ಹೋದ್ರ ಸೀದಾ ಡಂಪ್ ಮಾಡಿದ ಜಾಗ ಸಿಗ್ತೈತಿ, ಅದನ್ನ ಊರವ್ರೆಲ್ಲಾ ನೋಡ್ಯಾರ, ಬಿಸಿಲು ಏರಿದ ಮ್ಯಾಲ ಗೀಟು ಒಣಗಿ ಹೋಗ್ತೈತಿ, ಸಾಹೇಬ್ರು ಬರೋದು ಅದು ಒಣಗಿದ ಮ್ಯಾಲೇ. ಇದು ನಿನ್ನ ಸಿನಿಮಾ. ಇಂಥದ್ದನ್ನ ಬೆಂಗಳೂರಾಗ ಕುಂತು ಯಾರೂ ಬರೆಯಾಕ ಆಗಲ್ಲ, ನೋಡಿದವನೇ ಬರೀಬೇಕು.

ಉಳಿದಿದ್ದನ್ನ ತಗದು ಹಾಕು ಅಂತೀನಿ, ಬ್ಯಾಸರ ಮಾಡ್ಕಬ್ಯಾಡ. ಆರು ಮಂದಿನ ಕೊಲ್ಲೋದು ಎಲ್ಲಾರೂ ತೋರಿಸ್ಯಾರ, ನಿನ್ನ ಹತ್ರ ಇರೋ ರೊಕ್ಕಕ್ಕ ಫೈಟು ಮಾಡಾಕ ಹೋದ್ರ ಕಾಲೇಜ್ ಡೇ ಸ್ಕಿಟ್ ಆಗ್ತೈತಿ. ಮತ್ತ ಸೇಡಿನ ಕಥೆಯಾಗ ಒಂದು ಮೋಸ ಐತಿ: ಆರು ಮಂದಿ ಸತ್ತ ಕೂಡ್ಲೇ ದಂಧೆ ಮುಗೀತು ಅನ್ನಿಸ್ತೈತಿ, ಆದ್ರ ಮರುದಿನ ಬೆಳಿಗ್ಗೆ ಟ್ರಾಕ್ಟರ್ ಬರೋದು ಬಂದೇ ಬರ್ತೈತಿ, ಓಡಿಸೋನು ಬ್ಯಾರೆ ಅಷ್ಟೇ.

ಇಟಲಿದು ಗೊಮೊರ್ರಾ ಅಂತ 2008ರ ಸಿನಿಮಾ ಐತಿ, ಮತ್ತೆಯೋ ಗರೋನೆ ಡೈರೆಕ್ಷನ್, ನೇಪಲ್ಸ್ ಕಡೆಯ ಮಾಫಿಯಾ ಬಗ್ಗೆ ರೊಬೆರ್ತೊ ಸವಿಯಾನೊ 2006ರಾಗ ಬರೆದ ಪುಸ್ತಕದ ಮ್ಯಾಲ ಮಾಡಿದ್ದು, ಆ ಪುಸ್ತಕ ಬರೆದ ತಪ್ಪಿಗೆ ಆತ ಪೊಲೀಸ್ ಕಾವಲಿನಾಗೇ ಬದುಕು ನಡೆಸಬೇಕಾತು. ಅದ್ರಾಗ ಒಬ್ಬ ನಡುವಯಸ್ಸಿನ ಮನುಷ್ಯ ಅದಾನ, ಅಂಜುಬುರುಕ, ಜೈಲಿಗೆ ಹೋದವ್ರ ಮನಿಮನಿಗೆ ಹೋಗಿ ಗ್ಯಾಂಗಿನ ಪಾಲು ಹಂಚಿ ಬರೋದು ಅವನ ಕೆಲ್ಸ. ಬಾಗಿಲು ತಗದವ್ರು ಇಷ್ಟೇನಾ ಅಂತ ಜಗಳಕ್ಕ ಬರ್ತಾರ, ಅವ ಮೆಲ್ಲಕ ಎಣಿಸಿ ಕೊಟ್ಟು ಹೋಗ್ತಾನ. ಆ ಊರನ್ನ ಗ್ಯಾಂಗು ಹೆಂಗ ಹಿಡ್ಕೊಂಡೈತಿ ಅನ್ನೋದು ನನಗ ತಿಳಿದಿದ್ದು ಅವನಿಂದಲೇ, ಗುಂಡು ಹಾರಿಸೋರಿಂದ ಅಲ್ಲ. ನಿನ್ನ ಕಥೆಯಾಗೂ ಅಂಥವ ಒಬ್ಬ ಅದಾನ, ಎರಡು ಸೀನಿನಾಗ ಬಂದು ಹೋಗ್ತಾನ, ಟ್ರಿಪ್ ಲೆಕ್ಕ ಬರ್ಕಳ್ಳೋ ಹುಡುಗ. ಅವನನ್ನೇ ಹೀರೋ ಮಾಡು. ಟ್ರಿಪ್ಪಿಗೆ ಡ್ರೈವರಿಗೆ ಎಷ್ಟು, ಹೊಳ್ಯಾಗ ಬುಟ್ಟಿ ತುಂಬೋರಿಗೆ ಎಷ್ಟು, ದಾರಿಯಾಗ ಯಾರ ಯಾರ ಕೈಗೆ ಎಷ್ಟು, ಎಲ್ಲಾ ಅವನ ನೋಟ್‌ಬುಕ್ಕಿನಾಗ ಐತಿ. ಅಪ್ಪ ಸತ್ತ ದಿನದ ಪುಟದಾಗ ಅವ ಏನು ಬರೀತಾನ? ಅಷ್ಟು ಯೋಚಿಸಿದ್ರ ಇಪ್ಪತ್ತು ನಿಮಿಷದ ಫಿಲ್ಮ್ ರೆಡಿ.

ಇನ್ನೊಂದು, ಸಂಗ್ಯಾ ಬಾಳ್ಯಾ ಆಟ ನೋಡು, ನಿನ್ನ ವಯಸ್ಸಿನವ್ರು ಯೂಟ್ಯೂಬಿನಾಗಾದ್ರೂ ನೋಡ್ರಿ. ಅದ್ರಾಗೂ ಕೊಲೆ ಐತಿ, ಆದ್ರ ಮಂದಿ ಅಳೋದು ಕೊಲೆಗಿಂತ ಜಾಸ್ತಿ ಗೆಳೆಯ ಮಾಡಿದ ದ್ರೋಹಕ್ಕ. ಊರಿಗೆ ಊರೇ ಬೆಳತನಕ ಕುಂತು ನೋಡೋ ಕ್ರೈಮ್ ಕಥೆ ನಮ್ಮ ಉತ್ತರ ಕರ್ನಾಟಕದಾಗ ಮುಂಚಿಂದ ಐತಿ, ಹಾಲಿವುಡ್ಡಿಂದ ಎರವಲು ತರೋದು ಬ್ಯಾಡ.

ಮಾತಿನ ಬಗ್ಗೆ: ನಿನ್ನ ಪಾತ್ರ ಎಲ್ಲಾ ‘ಮಗಾ, ಮಚ್ಚಾ, ಸಕ್ಕತ್’ ಅಂತಾವ. ಕೌಲ್ ಬಜಾರಿನಾಗ ಒಂದು ಸಂಜಿ ಚಾದಂಗಡಿ ಮುಂದ ನಿಂತು ಕೇಳು. ಕನ್ನಡದಾಗ ಶುರು ಮಾಡಿ, ನಡುವ ಉರ್ದು ಹಾಕಿ, ಬೈಯಾಕ ತೆಲುಗು ತರ್ತಾರ. ಹಂಗೇ ಬರಿ. ತಿದ್ದಿ ಮತ್ತ ಕಳಿಸು, ಖಂಡಿತ ಓದ್ತೀನಿ.

ಪ್ರಶ್ನೆ: ನನ್ನ ಮಗ ಹತ್ತನೇ ಕ್ಲಾಸು. ರೌಡಿ ಸಿನಿಮಾ ನೋಡಿ ಅದೇ ಹೇರ್‌ಸ್ಟೈಲು, ಅದೇ ನಡಿಗಿ, ಪ್ಲಾಸ್ಟಿಕ್ ಮಚ್ಚು ಹಿಡ್ಕೊಂಡು ರೀಲ್ಸ್ ಮಾಡ್ತಾನ. ಬೈದ್ರ ಮಾತು ಬಿಡ್ತಾನ. ಇಂಥ ಸಿನಿಮಾನ ಬಂದ್ ಮಾಡಿದ್ರ ಒಳ್ಳೆದಲ್ವಾ?
(ಗೃಹಿಣಿ, ರಾಯಚೂರು)

ಉತ್ತರ: ಅಕ್ಕಾರ, ನಿಮ್ಮ ಹೆದರಿಕಿ ಸುಳ್ಳಲ್ಲ. ಮೊದ್ಲು ಕೆಲ್ಸಕ್ಕ ಬರೋ ಮಾತು ಹೇಳ್ತೀನಿ. ಮಚ್ಚು ಹಿಡ್ದು ರೀಲ್ಸ್ ಮಾಡಿದ್ದಕ್ಕ 2025ರಾಗ ಬೆಂಗಳೂರಿನಾಗ ಆರ್ಮ್ಸ್ ಆ್ಯಕ್ಟ್ ಕೆಳಗ ಕೇಸ್ ಆಗೈತಿ, ಟಿವಿಯಾಗ ಬರೋ ಹೆಸರುವಾಸಿ ಮಂದಿ ಮ್ಯಾಲೇ ಆಗೈತಿ. ವಿಡಿಯೋ ನೋಡಿದವ್ರಿಗೆ ಅದು ಪ್ಲಾಸ್ಟಿಕ್ಕೋ ಕಬ್ಬಿಣನೋ ಗೊತ್ತಾಗಲ್ಲ, ಸ್ಟೇಷನ್ನಿಗೆ ಹೋಗಿ ಉತ್ತರ ಕೊಡೋ ಪಾಳಿ ನಿಮಗ ಬರ್ತೈತಿ. ಆ ರೀಲ್ಸ್ ಇವತ್ತೇ ಡಿಲೀಟ್ ಮಾಡಿಸ್ರಿ. ಈಗ ಸೆನ್ಸಾರ್ ಸರ್ಟಿಫಿಕೇಟಿನಾಗ ಯುಎ 7+, 13+, 16+ ಅಂತ ವಯಸ್ಸು ಬರೀತಾರ, ಅದನ್ನೂ ನೋಡ್ಕಳ್ರಿ.

ಬಂದ್ ಮಾಡೋ ವಿಚಾರ. ಅಮೆರಿಕದಾಗ ಇದನ್ನ ಮಾಡಿ ನೋಡ್ಯಾರ. 1930–31ರ ಸುಮಾರಿಗೆ ಅಲ್ಲಿ ಗ್ಯಾಂಗ್‌ಸ್ಟರ್ ಸಿನಿಮಾ ಸಾಲಾಗಿ ಬಂದವು, ಹುಡುಗ್ರು ಕೆಡ್ತಾರ ಅಂತ ಗದ್ದಲ ಆತು, 1934ರಿಂದ ಸ್ಟುಡಿಯೋದವ್ರೇ ಒಂದು ಕಟ್ಟುನಿಟ್ಟಿನ ಕೋಡ್ ಪಾಲಿಸಾಕ ಹತ್ತಿದ್ರು, ತಪ್ಪು ಮಾಡಿದವನಿಗೆ ಶಿಕ್ಷೆ ಆಗ್ಲೇಬೇಕು, ಅವನ ಮ್ಯಾಲ ಕನಿಕರ ಹುಟ್ಟಬಾರ್ದು ಅಂತ. ಕೊನೆ ಐದು ನಿಮಿಷದಾಗ ಸಾಯಿಸಿದ್ರ ಸಾಕು ಅಂತಾತು, ಮೊದಲ ಒಂದೂವರೆ ತಾಸು ಸೂಟು ಬೂಟು ಕಾರು ಹಂಗೇ ಉಳಿದ್ವು. ನಮ್ಮಲ್ಲೂ ಅದೇ ನಡೀತೈತಿ, ಕೊನೆಗೆ ಹೀರೋ ಸಾಯ್ತಾನ, ನಿಮ್ಮ ಮಗ ನೆನಪಿಟ್ಟಿರೋದು ಅವನ ಎಂಟ್ರಿನ.

ನಾನು ಹೇಳೋದು, ಒಂದ್ಸಲ ಅವನ ಜೊತಿ ಕುಂತು ನೋಡ್ರಿ. ಬೈಬ್ಯಾಡ್ರಿ, ಕೇಳ್ರಿ ಅಷ್ಟೇ: ಹಿಂದ ನಿಂತವ್ರಾಗ ಒಬ್ಬ ಹೊಟ್ಟಿಗೆ ಚುಚ್ಚಿಸ್ಕೊಂಡು ಬಿದ್ನಲ್ಲ, ಅವನಿಗೆ ಹೆಸರೇನಿತ್ತು? ಆಸ್ಪತ್ರೆ ಬಿಲ್ಲು ಯಾರು ಕಟ್ಟಿದ್ರು? ಹೀರೋ ಹಿಂದ ನಡಿಯೋ ಇಪ್ಪತ್ತು ಹುಡುಗ್ರಿಗೆ ತಿಂಗಳಾ ಏನು ಸಿಗ್ತಿತ್ತು? ಸಿನಿಮಾದಾಗ ಉತ್ತರ ಇರಲ್ಲ, ಉತ್ತರ ಇಲ್ಲ ಅನ್ನೋದು ಅವನಿಗೇ ಕಾಣಿಸ್ಲಿ. ಈ ವಯಸ್ಸಿನ ಹುಡುಗ್ರು ಬುದ್ಧಿವಾದ ಕೇಳಲ್ಲ, ಆದ್ರ ಲೆಕ್ಕ ಹಚ್ಚಾಕ ಕೊಟ್ರ ಹಚ್ತಾರ.

ಪ್ರಶ್ನೆ: ಕನ್ನಡದಾಗ ಒಂದೇ ಒಂದು ಗ್ಯಾಂಗ್‌ಸ್ಟರ್ ಸಿನಿಮಾ ಹೇಳು ಅಂದ್ರ ಯಾವುದು?
(ಕಿರಾಣಿ ವ್ಯಾಪಾರಿ, ಮಾನ್ವಿ)

ಉತ್ತರ: 2007ರ ಆ ದಿನಗಳು. ಅಗ್ನಿ ಶ್ರೀಧರ್ ಅವರ ದಾದಾಗಿರಿಯ ದಿನಗಳು ಪುಸ್ತಕದಿಂದ ಮಾಡಿದ್ದು, ಕೆ.ಎಂ. ಚೈತನ್ಯ ಡೈರೆಕ್ಷನ್, ಚಿತ್ರಕಥೆಗೆ ಗಿರೀಶ್ ಕಾರ್ನಾಡರು ಕೈ ಹಚ್ಚಿದ್ರು. ಹೊಡೆಯೋದಕ್ಕಿಂತ ಹೊಡೆಯೋ ಮುಂಚಿನ ಕಾಯೋದನ್ನ ಅಷ್ಟು ಚೆಂದ ತೋರಿಸಿದ್ದು ನಮ್ಮಲ್ಲಿ ಇನ್ನೊಂದಿಲ್ಲ.

ಪ್ರಶ್ನೆ: ಈ ಸಿನಿಮಾದಾಗ ಹೆಂಗಸ್ರಿಗೆ ಎರಡೇ ಕೆಲ್ಸ, ತಾಯಿ ಆದ್ರ ಅಳೋದು, ಲವ್ವರ್ ಆದ್ರ ಸಾಯೋದು. ಇದು ಬದಲಾಗಲ್ವಾ?
(ಹೈಸ್ಕೂಲ್ ಟೀಚರ್, ಸಿರುಗುಪ್ಪ)

ಉತ್ತರ: ಟೀಚರ್, ಬದಲಾಗಬೇಕು, ಬದಲಾದ್ರೇನೇ ಈ ಜಾತಿ ಸಿನಿಮಾ ಉಳಿಯೋದು ಅಂತ ನನ್ನ ನಂಬಿಕಿ. ಹಾದಿ ಇಲ್ಲ ಅಂತಲ್ಲ. ನಮ್ಮಲ್ಲೇ ಸುಮನಾ ಕಿತ್ತೂರು 2008ಕ್ಕ ಸ್ಲಂ ಬಾಲ, 2012ಕ್ಕ ಎದೆಗಾರಿಕೆ ಮಾಡಿದ್ರು, ಎರಡೂ ಭೂಗತ ಲೋಕದ ಕಥೆ, ಡೈರೆಕ್ಟರ್ ಹೆಣ್ಮಗಳು. ಎದೆಗಾರಿಕೆಯಾಗ ಕೊಲ್ಲಬೇಕಾದವ್ರು ಸಾಯಬೇಕಾದವನ ಜೊತಿ ದಿನ ಕಳೀತಾರ, ಅದು ಬರ್ತಾ ಬರ್ತಾ ಪ್ರೇಕ್ಷಕರಿಗೇ ತಡೆಯಾಕ ಆಗಲ್ಲ. 1990ರ ಹಾಲಿವುಡ್ ಸಿನಿಮಾ ಗುಡ್‌ಫೆಲ್ಲಾಸ್‌ನಾಗ ಕಥೆಯ ಒಂದಿಷ್ಟು ಭಾಗನ ಗ್ಯಾಂಗ್‌ಸ್ಟರ್‌ನ ಹೆಂಡ್ತಿನೇ ಹೇಳ್ತಾಳ, ಮದುವಿಗೆ ಮುಂಚೆ ಅವ ಕೈಯಾಗ ಪಿಸ್ತೂಲು ಇಟ್ಟು ಬಚ್ಚಿಡು ಅಂದಾಗ ತನಗ ಹೆದರಿಕಿ ಜೊತಿ ಒಳಗೊಳಗ ಇಷ್ಟಾನೂ ಆತು ಅಂತ ಬಾಯಿಬಿಟ್ಟು ಹೇಳ್ತಾಳ. ಗಂಡನ ದಂಧೆಯಿಂದ ಬಂದ ಸೋಫಾ, ಸೀರಿ, ಬಂಗಾರ ಇವನ್ನ ಅನುಭವಿಸಿದವಳಿಗೂ ಅದ್ರಾಗ ಪಾಲು ಐತಿ ಅಂತ ಒಪ್ಪಿಕೊಳ್ಳೋ ಸಿನಿಮಾ ಅದು. ನಮ್ಮ ಸಿನಿಮಾದ ತಾಯಿ ಮಾತ್ರ ಮಗನ ರೊಕ್ಕ ಎಲ್ಲಿಂದ ಬಂತು ಅಂತ ಕ್ಲೈಮ್ಯಾಕ್ಸ್ ತನಕ ಕೇಳೋದೇ ಇಲ್ಲ.

ಬಳ್ಳಾರಿಯಾಗ ಮಾಡೋದಾದ್ರ ನಾನು ಜೀನ್ಸ್ ಹೊಲಿಯೋ ಓಣಿಯಿಂದ ಶುರು ಮಾಡ್ತೀನಿ. ಮನಿಮನಿಯಾಗ ಹೆಂಗಸ್ರು ಪ್ಯಾಂಟಿನ ದಾರ ಕತ್ತರಿಸ್ತಾ ಕುಂತಿರ್ತಾರ, ಪೀಸಿಗೆ ಇಷ್ಟು ಅಂತ. ಮಗಳ ಮದುವಿಗೋ ಗಂಡನ ಆಪರೇಷನ್ನಿಗೋ ವಾರದ ಬಡ್ಡಿಗೆ ರೊಕ್ಕ ತಂದಿರ್ತಾಳ, ಮೀಟರ್ ಬಡ್ಡಿ, ಒಂದು ವಾರ ತಪ್ಪಿದ್ರ ಅಸಲು ಏರ್ತೈತಿ. ಇಂಥ ಬಡ್ಡಿನ ತಡೆಯಾಕ ಅಂತ 2004ರಿಂದ ಕರ್ನಾಟಕದಾಗ ಕಾಯ್ದೆ ಐತಿ, ಆದ್ರ ಕಾಯ್ದೆ ಬುಕ್ಕಿನಾಗ, ವಸೂಲಿ ಹುಡುಗ ಬಾಗಿಲಿನಾಗ. ಅವ ಬೈಯಲ್ಲ, ಹೊಡಿಯಲ್ಲ, ಸುಮ್ನ ಹೊಸ್ತಿಲ ಮ್ಯಾಲ ಕುಂತ್ಕೊತಾನ, ಓಣಿಯವ್ರೆಲ್ಲಾ ನೋಡ್ಲಿ ಅಂತ. ಆಕಿ ತಲಿ ಬಗ್ಗಿಸಿ ದಾರ ಕತ್ತರಿಸ್ತಾನೇ ಇರ್ತಾಳ, ಕತ್ತರಿ ಸಪ್ಪಳ ಜೋರಾಗ್ತೈತಿ. ಕೈಯಾಗ ಕತ್ತರಿ ಐತಿ, ಎದುರಿಗೆ ಅವ ಅದಾನ, ಏನೂ ಆಗಲ್ಲ, ಆದ್ರ ಥಿಯೇಟರಿನಾಗ ಯಾರೂ ಉಸಿರು ಬಿಡಂಗಿಲ್ಲ. ಮತ್ತ ಆ ಓಣಿಯಾಗ ಬಡ್ಡಿಗೆ ಬಿಡೋಳೂ ಹೆಂಗಸೇ ಆಗಿದ್ರ? ಮುತ್ತೈದಿ ಸಾವಿತ್ರಿ ತರ ಅರಿಶಿನ ಕುಂಕುಮಕ್ಕ ಕರ್ದು, ಎಲಿ ಅಡಿಕಿ ಕೊಟ್ಟು, ನಗ್ತಾ ಲೆಕ್ಕ ಕೇಳೋ ಡಾನ್. ಆ ಪಾತ್ರಕ್ಕ ನಮ್ಮ ವೃತ್ತಿ ರಂಗಭೂಮಿಯಾಗ ಪಳಗಿದ ಕಲಾವಿದೆಯರು ಎಷ್ಟು ಮಂದಿ ಬೇಕು, ಎಲ್ಲಾ ಇಲ್ಲೇ ಅದಾರ.

ಪ್ರಶ್ನೆ: ಒಂದೂ ಕೊಲೆ ಇಲ್ದ ಗ್ಯಾಂಗ್‌ಸ್ಟರ್ ಸಿನಿಮಾ ಆಗ್ತೈತಾ?
(ರೈತ, ಸಿಂಧನೂರು)

ಉತ್ತರ: ಆಗ್ತೈತಿ, ನಿಮ್ಮ ಕಾಲುವಿ ಮ್ಯಾಲೇ ಆಗ್ತೈತಿ. ಎಡದಂಡೆ ಕಾಲುವಿಗೆ ಮ್ಯಾಲಿನವ್ರು ರಾತ್ರಿ ಪೈಪ್ ಇಳಿಸಿ ನೀರು ಎಳ್ಕೊಂಡ್ರ ಟೇಲ್ ಎಂಡಿನವ್ರ ಭತ್ತ ಒಣಗ್ತೈತಿ, ಗೇಟ್ ಹತ್ರ ಯಾರು ಮಲಗ್ತಾರ, ಯಾರ ಮೋಟರ್ ಕಾಣಿಸಿದ್ರೂ ಕಾಣಿಸದಂಗ ಇರ್ಬೇಕು, ಯಾರದ್ದನ್ನ ಕಿತ್ತು ಹಾಕ್ಬೇಕು ಇದೆಲ್ಲಾ ನಿಮಗ ನನಗಿಂತ ಚೆನ್ನಾಗಿ ಗೊತ್ತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಕ್ರಸ್ಟ್ ಗೇಟು ಕೊಚ್ಚಿಕೊಂಡು ಹೋದಾಗ ಮೂರು ಜಿಲ್ಲೆ ರೈತ್ರು ನಿದ್ದಿ ಮಾಡಿರಲಿಲ್ಲ, ಎರಡ್ನೇ ಬೆಳಿ ಹೋತು ಅಂತ. ನೀರು ಕಡಿಮೆ ಆದಂಗ ಅದಕ್ಕ ರೇಟು ಕಟ್ಟೋರು ಹುಟ್ಕೊತಾರ. ಒಂದು ಹನಿ ರಕ್ತ ಇಲ್ದ ಕಥೆ, ಆದ್ರ ಒಣಗಿದ ಗದ್ದಿ ನೋಡಿದ್ರ ಕೊಲೆಗಿಂತ ಕಮ್ಮಿ ಏನಲ್ಲ.

ಪ್ರಶ್ನೆ: ಸಿನಿಮಾದಾಗ ರೌಡಿ ಶೀಟರ್ ಅಂದ್ರ ಸಿಂಹ. ನಾನು ನೌಕರಿ ಮಾಡಿದಷ್ಟು ದಿನ ನೋಡಿದ್ದು ಬ್ಯಾರೆನೇ. ಹಬ್ಬ, ಎಲೆಕ್ಷನ್ ಬಂತಂದ್ರ ಸ್ಟೇಷನ್ ಮುಂದ ಸಾಲಾಗಿ ನಿಲ್ಲೋರು, ಅರ್ಧ ಮಂದಿಗೆ ಶುಗರು, ಒಬ್ಬನಿಗೆ ಮಂಡಿ ನೋವು. ಇದನ್ನ ಯಾರಾದ್ರೂ ತೋರಿಸ್ತಾರಾ?
(ನಿವೃತ್ತ ಹೆಡ್ ಕಾನ್‌ಸ್ಟೇಬಲ್, ಬಳ್ಳಾರಿ)

ಉತ್ತರ: ಸರ್, ನಿಮ್ಮ ಕಾಗದನ ಎರಡು ಸಲ ಓದ್ದೆ. ಗಣೇಶನ ಹಬ್ಬಕ್ಕ ಮುಂಚೆ ನಡಿಯೋ ರೌಡಿ ಪರೇಡ್ ಪೇಪರಿನಾಗ ಒಂದು ಫೋಟೋ ಆಗಿ ಬಂದು ಹೋಗ್ತೈತಿ. ಅದ್ರಾಗ ಯಾವಾಗೋ ಇಪ್ಪತ್ತರ ವಯಸ್ಸಿನಾಗ ಒಂದು ಹೊಡೆದಾಟಕ್ಕ ಶೀಟ್ ಓಪನ್ ಆಗಿ, ಈಗ ಮಗಳಿಗೆ ವರ ನೋಡೋ ವಯಸ್ಸಿನಾಗೂ ಕೈ ಕಟ್ಟಿ ನಿಂತವ ಇರ್ತಾನ, ಪಕ್ಕದಾಗೇ ನಿಜವಾಗ್ಲೂ ಊರಿಗೆ ಅಂಜಿಕಿ ಹುಟ್ಟಿಸೋನೂ ಇರ್ತಾನ, ಸಾಲು ಒಂದೇ. ಬೀಗರ ಮನಿಯವ್ರು ಆ ಫೋಟೋ ನೋಡಿದ್ರ ಏನಾಗ್ತೈತಿ ಅನ್ನೋದು ಒಂದು ಕಥೆ.

ಇನ್ನೊಂದು ಗಡಿಪಾರು. ಕರ್ನಾಟಕ ಪೊಲೀಸ್ ಕಾಯ್ದೆ 1963, ಅದರ 55ನೇ ಸೆಕ್ಷನ್ ಕೆಳಗ ಆರ್ಡರ್ ಆಗ್ತೈತಿ, ಈ ಜಿಲ್ಲೆ ಬಿಟ್ಟು ಹೋಗು ಅಂತ. ಈ ಊರಾಗ ಹೆದರಿಸ್ಕೊಂಡು ತಿಂದವ ಗುರುತಿಲ್ದ ಊರಿಗೆ ಹೋಗಿ ಇಳೀತಾನ. ಅಲ್ಲಿ ಯಾರಿಗೂ ಅವನ ಹೆಸರು ಗೊತ್ತಿಲ್ಲ. ಬಾಡಿಗಿ ರೂಮ್ ಕೇಳಿದ್ರ ಆಧಾರ್ ಕೇಳ್ತಾರ, ಊರು ಯಾವುದು, ಯಾಕ ಬಂದ್ರಿ ಅಂತಾರ. ಹೋಟೆಲ್ಲಿನಾಗ ರೊಕ್ಕ ಕೊಡ್ದ ಎದ್ದು ಹೊಂಟ್ರ ಸಪ್ಲೈಯರ್ ಹುಡುಗ ಕೈ ಹಿಡ್ದು ನಿಲ್ಲಿಸ್ತಾನ, ಮೊದಲ ಸಲ ಅವನನ್ನ ಒಬ್ಬ ಅಂಜದ ಮುಟ್ಟಿರ್ತಾನ. ಅವ ಕೈ ಎತ್ತುತಾನಾ, ಜೇಬಿಗೆ ಹಾಕ್ತಾನಾ? ರೌಡಿತನ ಅನ್ನೋದು ಮನುಷ್ಯನ ತೋಳಿನಾಗ ಇರ್ತೈತೋ, ಊರಿನ ಮಂದಿ ಅಂಜಿಕಿಯಾಗ ಇರ್ತೈತೋ ಅಂತ ತೋರಿಸಾಕ ಇದಕ್ಕಿಂತ ಒಳ್ಳೆ ಕಥೆ ನನಗ ಕಾಣವಲ್ದು.

ನಿಮ್ಮಂಥವ್ರು ಬರೀದಿದ್ರ ಸಿಂಹದ ಕಥೆನೇ ಉಳೀತಾವ ಸರ್. ಪರೇಡಿನಾಗ ಏನೇನು ಕೇಳ್ತಿದ್ರಿ, ಅವ್ರು ಏನು ಉತ್ತರ ಕೊಡ್ತಿದ್ರು, ಯಾರು ಕಣ್ಣು ತಪ್ಪಿಸ್ತಿದ್ರು, ಪರೇಡ್ ಮುಗಿದ ಮ್ಯಾಲ ಯಾರು ಯಾರ ಗಾಡಿ ಹತ್ತಿ ಹೋಗ್ತಿದ್ರು, ನೆನಪಿದ್ದಷ್ಟು ಬರ್ದು ಕಳಿಸ್ರಿ. ಹೆಸರು ಊರು ಬದಲು ಮಾಡಿ ಕಳಿಸಿದ್ರ ಮುಂದಿನ ಸಂಚಿಕೆಯಾಗ ಪೂರ್ತಿ ಎರಡು ಪುಟ ಅದಕ್ಕೇ ಇಡ್ತೀನಿ. ಬರೆಯಾಕ ಕಣ್ಣು ಸರಿ ಇಲ್ಲ ಅಂದಿರಿ, ಹಂಗಿದ್ರ ಮೊಮ್ಮಗನ ಫೋನಿನಾಗ ಮಾತಾಡಿ ರೆಕಾರ್ಡ್ ಮಾಡಿ ಕಳಿಸ್ರಿ, ನಾವು ಕೇಳಿ ಬರ್ಕೊತೀವಿ.